ಅತ್ತೆಗಾಗಿ ಕಾಯುವ ಟಿವಿ

ನನ್ನ ಓರಗಿತ್ತಿ ವಸೀಲಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ಓಣಿಯಲ್ಲಿ ಆಡಿಕೊಳ್ಳುವವರಿದ್ದಾರೆ. ಸುಳ್ಳೆಂದು ನಾನು ಯಾರ ಹತ್ತಿರವೂ ವಾದಕ್ಕಿಳಿದಿಲ್ಲ. ಕಣ್ಣೆದುರೇ ಹೊಟ್ಟೆ ಉರಿಸುವ ಕೆಲಸ ಮಾಡಿದರೆ ಉರಿಯದೆ ತಣ್ಣಗಿರಲು ಅದೇನು ನೀರಿನ ಹೂಜಿಯೇ? ಆದರೆ ಆಡಿಕೊಳ್ಳುವವರು ಅರ್ಧ ಹೇಳಿ ಅರ್ಧ ನುಂಗುತ್ತಾರೆ. ಅದಕ್ಕೇ ಪೂರ್ತಿ ನಾನೇ ಹೇಳುತ್ತೇನೆ.

ಕಡಲ ದಡದ ಒರಾನ್ ಪಟ್ಟಣದಲ್ಲಿ ನಮ್ಮದು ಮಾವ ಕಟ್ಟಿಸಿದ ಎರಡಂತಸ್ತಿನ ಮನೆ. ಕೆಳಗೆ ನಾನು, ನನ್ನ ಗಂಡ ಮಿಲೂದ್, ಅತ್ತೆ ಹಾಜಾ ಯಮೀನಾ. ಮೇಲೆ ಮೈದುನ ಲಖ್ದರ್ ಮತ್ತು ಹೋದ ವರ್ಷ ಅವನನ್ನು ಮದುವೆಯಾಗಿ ಬಂದ ಈ ವಸೀಲಾ. ನನ್ನ ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ತ್ಲೆಮ್ಸೆನ್ ಕಡೆ ಹೋದ ಮೇಲೆ ಕೆಳಗಿನ ಮನೆಯಲ್ಲಿ ಮಾತಾಡುವ ಬಾಯಿ ಎಂದು ಉಳಿದದ್ದು ಅತ್ತೆಯದೊಂದೇ. ಮಿಲೂದ್ ಬಾಯಿ ತೆರೆಯುವುದು ಊಟಕ್ಕೆ ಮಾತ್ರ.

ಅತ್ತೆಯೂ ನಾನೂ ಮೊದಲಿನಿಂದ ಹಾಲುಜೇನಿನಂತೆ ಇದ್ದವರೇನಲ್ಲ. ನಾನು ಬಂದ ಹೊಸತರಲ್ಲಿ ಹಿಟ್ಟು ನಾದುವುದನ್ನು ನೋಡಿ ಮೂಗು ಮುರಿದವರು ಅವರು. ನಾನೂ ಒಳಗೊಳಗೇ ಹಲ್ಲು ಕಡಿದಿದ್ದೇನೆ. ಆದರೆ ಒಂದೇ ಒಲೆಯ ಹೊಗೆ ಕುಡಿದು ವರ್ಷಗಳು ಕಳೆದ ಮೇಲೆ ಅವರಿಗೆ ನಾನು, ನನಗೆ ಅವರು ಎನ್ನುವಂತಾಗಿತ್ತು. ರಂಜಾನಿನಲ್ಲಿ ಸಂಜೆ ಉಪವಾಸ ಬಿಡುವಾಗ ನಾನು ಮಾಡಿದ ಹರೀರಾ ಸಾರಿನ ಮೊದಲ ಬಟ್ಟಲು ಅವರಿಗೆ. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ನಿನ್ನ ಕೈ ತಣ್ಣಗಿರಲಿ ಖೇರಾ" ಎನ್ನುತ್ತಿದ್ದರು. ಅಷ್ಟನ್ನು ಕೇಳುವುದಕ್ಕಾಗಿ ನಾನು ಮಧ್ಯಾಹ್ನದಿಂದಲೇ ಕಡಲೆ, ಮಾಂಸ, ಕೊತ್ತಂಬರಿ ಎಂದು ಒಲೆಯ ಮುಂದೆ ಬೇಯುತ್ತಿದ್ದೆ. ಯಾರಿಗೆ ಏನು ಬೇಕೋ ಅದನ್ನು ಇಟ್ಟುಕೊಳ್ಳಲಿ, ನನಗೆ ಆ ಒಂದು ಮಾತು ಸಾಕಾಗಿತ್ತು.

ಇಷ್ಟಕ್ಕೆಲ್ಲ ಕಾರಣವಾದ ಡಬ್ಬಿ ಬಂದದ್ದು ರಂಜಾನಿಗೆ ಸ್ವಲ್ಪ ಮೊದಲು. ಲಖ್ದರ್ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ. ಕೆಲಸ ಮುಗಿಸಿ ಬರುವಾಗ ಮ್ದೀನಾ ಜ್ದೀದಾ ಮಾರುಕಟ್ಟೆಯಿಂದ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದೊಂದು ಕಪ್ಪು ಡಬ್ಬಿ ತಂದ. ತಳ್ಳುಗಾಡಿಯ ಮೇಲೆ ಕಾಲುಚೀಲಗಳ ಪಕ್ಕ ರಾಶಿ ಹಾಕಿ ಮಾರುವ ಅಗ್ಗದ ಮಾಲು. ಅದನ್ನು ಒಂದು ಕೇಬಲ್ಲಿನಿಂದ ಟಿವಿಗೆ ಸಿಕ್ಕಿಸಿ, ಅದರ ಪಕ್ಕೆಗೆ ಪೆನ್‌ಡ್ರೈವ್ ಚುಚ್ಚಿದರೆ ಅದರೊಳಗಿದ್ದದ್ದೆಲ್ಲ ಪರದೆಯ ಮೇಲೆ ಬರುತ್ತದಂತೆ. ಅತ್ತೆಯನ್ನು ಮೇಲೆ ಕರೆದರು. ಕರೆಯದಿದ್ದರೂ ನಾನು ಹಿಂದೆಯೇ ಹೋದೆ.

"ಏನಪ್ಪಾ ಅದು, ಇಲಿ ಬೋನಾ?" ಎಂದೆ.

"ಅಲ್ಲ ಅಕ್ಕ. ಇದ್ರಲ್ಲಿ ಹಳೇ ಧಾರಾವಾಹಿ ಎಲ್ಲಾ ಹಾಕ್ಸಿದಾರೆ. ಡಿಶ್ಶೂ ಬೇಡ, ಗಾಳಿಗೆ ಅದು ತಿರುಗೋದೂ ಬೇಡ" ಎಂದಳು ವಸೀಲಾ.

ಈ ಮಾತು ನನಗೇ ಬಿಟ್ಟ ಬಾಣ. ಕೆಳಗಿನ ನಮ್ಮ ಟಿವಿಗೆ ಮಾಳಿಗೆಯ ಮೇಲೊಂದು ಡಿಶ್ ಇದೆ. ಕಡಲಗಾಳಿ ಬೀಸಿತೆಂದರೆ ಅದು ಕುತ್ತಿಗೆ ತಿರುಗಿಸಿಕೊಳ್ಳುತ್ತದೆ, ಚಿತ್ರವೆಲ್ಲ ಚೌಕಚೌಕವಾಗಿ ಒಡೆದುಹೋಗುತ್ತದೆ. ಮಿಲೂದ್ ಮೇಲೆ ಹತ್ತಿ "ಬಂತಾ?" ಎಂದು ಕೂಗುವುದು, ನಾನು ಕಿಟಕಿಯಿಂದ "ಬಂತು, ಹೋಯ್ತು, ಬಂತು, ಹೋಯ್ತು" ಎಂದು ಕೂಗುವುದು ಓಣಿಗೆಲ್ಲ ಬಾಯಿಪಾಠವಾಗಿದೆ.

ಡಬ್ಬಿ ಶುರುವಾದಾಗ ಪರದೆಯ ತುಂಬ ಚೀನೀ ಅಕ್ಷರ. ಲಖ್ದರ್ ತಲೆ ಕೆರೆದುಕೊಂಡ. ನನಗೆ ಸ್ವಲ್ಪ ಸಮಾಧಾನವಾಯಿತು. ಆದರೆ ವಸೀಲಾ ರಿಮೋಟು ಕಸಿದುಕೊಂಡು ಅಲ್ಲೊಂದು ಇಲ್ಲೊಂದು ಒತ್ತಿ, ತಡಕಿ, ಕೊನೆಗೂ ಅರಬಿಗೆ ತಂದಳು. ಬಾಗಿಲಿಗೊರಗಿ ನಿಂತಿದ್ದ ಮಿಲೂದ್, "ಹುಡುಗಿ ಜಾಣೆ ಕಣೋ" ಎಂದ. ನನ್ನ ಕೈಯ ಖೀಮಾ ತುಂಬಿ ಕರಿದ ಬುರೆಕ್ ತಿಂದು ಬೆರಳು ನೆಕ್ಕಿದ ಗಂಡಸು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಮಾತು ಆಡಿದವನಲ್ಲ.

ಮೊದಲು ಹಾಕಿದ್ದು ಒಂದು ಹಳೆಯ ತಮಾಷೆ ಧಾರಾವಾಹಿ. ಇಬ್ಬರು ಅಣ್ಣತಮ್ಮಂದಿರಿಗೆ ಅಪ್ಪನಿಂದ ಒಂದೇ ಕತ್ತೆ ಪಾಲಿಗೆ ಬಂದು, ಅದಕ್ಕಾಗಿ ಅವರು ಬಡಿದಾಡುವ ಕಥೆ. ಅದನ್ನು ತೆಗೆದದ್ದು ನಮ್ಮೂರಿನ ಹಳೆಯ ಭಾಗವಾದ ಸೀದಿ ಎಲ್ ಹುವಾರಿಯ ಓಣಿಗಳಲ್ಲಿ. ಅತ್ತೆ ಮದುವೆಯಾಗಿ ಬಂದದ್ದು ಅಲ್ಲಿಗೇ. ಈಗ ಆ ಮನೆಗಳು ಅರ್ಧಕ್ಕರ್ಧ ಬಿದ್ದುಹೋಗಿವೆ. ಕತ್ತೆ ಒಂದು ಮೂಲೆ ತಿರುಗಿತು ನೋಡಿ, ಅತ್ತೆ ಸೋಫಾದಿಂದ ಮುಂದಕ್ಕೆ ಜರುಗಿ, "ಅಯ್ಯೋ, ಅದು ನಮ್ಮ ನಲ್ಲಿ. ಅಲ್ಲೇ ನಾನು ನೀರು ಹಿಡೀತಿದ್ದಿದ್ದು" ಎಂದರು. ಅವರ ಮುಖ ಹಾಗೆ ಬೆಳಗಿದ್ದನ್ನು ನಾನು ನನ್ನ ಮಗಳ ಮದುವೆಯಲ್ಲೂ ನೋಡಿರಲಿಲ್ಲ.

ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. ಅತ್ತೆ ಎದ್ದರು. ವಸೀಲಾ ಒಂದು ಗುಂಡಿ ಒತ್ತಿದಳು. ಕತ್ತೆ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಅತ್ತೆ ನಮಾಜು ಮುಗಿಸಿ, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಬಂದು ಕೂತರು. ವಸೀಲಾ ಮತ್ತೆ ಒತ್ತಿದಳು. ಕತ್ತೆ ಅರಚಿತು.

"ಇಷ್ಟೊತ್ತೂ ಇದು ನನಗೋಸ್ಕರ ಕಾಯ್ತಾ ಇತ್ತಾ?" ಎಂದರು ಅತ್ತೆ.

"ಹೂಂ ಯೆಮ್ಮಾ. ನೀವು ಬರೋತನಕ ಕದಲಲ್ಲ ಅದು."

ಯೆಮ್ಮಾ ಎಂದರೆ ಅಮ್ಮ. ನಾನು ಈ ಮನೆಗೆ ಬಂದು ಮೂವತ್ತು ವರ್ಷವಾದರೂ ಹಾಜಾ ಎಂದೇ ಕರೆಯುತ್ತೇನೆ. ಅವರು ಹಜ್‌ಗೆ ಹೋಗಿ ಬರುವ ಮೊದಲು ಲಲ್ಲಾ, ಅಂದರೆ ಯಜಮಾನಿ, ಎನ್ನುತ್ತಿದ್ದೆ. ಹಾಗೆ ಕರೆಯಬೇಕೆಂದು ಅವರೇ ಹೇಳಿದ್ದು. ಇವಳು ನಿನ್ನೆ ಮೊನ್ನೆ ಬಂದು ಯೆಮ್ಮಾ ಎಂದಳು, ಅವರು ಓಗೊಟ್ಟರು. ಮೆಟ್ಟಿಲಿಳಿಯುವಾಗ ನನ್ನ ಎದೆಯಲ್ಲಿ ಮೆಣಸಿನಕಾಯಿ ಸುಟ್ಟಂತಾಗಿತ್ತು.

ರಂಜಾನು ಶುರುವಾಯಿತು. ಮೊದಲ ದಿನವೇ ಅತ್ತೆ ಜಪಸರ ಹಿಡಿದು ಮೇಲೆ ಹೊರಟರು. ಕೂತಲ್ಲೇ ಉಪವಾಸ ಬಿಟ್ಟು, ಕೂತಲ್ಲೇ ಧಾರಾವಾಹಿ ನೋಡಬಹುದಲ್ಲ ಎಂದು.

"ನೀನೂ ಬಾ ಖೇರಾ. ಮಿಲೂದನ್ನೂ ಎಬ್ಬಿಸ್ಕೊಂಡು ಬಾ. ಎಲ್ಲಾ ಸೇರಿ ಮೇಲೇ ಉಣ್ಣೋಣ" ಎಂದರು.

"ನನ್ನ ಒಲೆ ಕೆಳಗಿದೆ ಹಾಜಾ. ಅದನ್ನ ಹೊತ್ಕೊಂಡು ಹತ್ತೋಕಾಗಲ್ಲ" ಎಂದೆ.

ಇನ್ನೊಂದು ಸಲ ಕರೆಯುತ್ತಾರೆ ಎಂದುಕೊಂಡಿದ್ದೆ. ಅವರು "ನಿನ್ನಿಷ್ಟ" ಎಂದು ಹತ್ತಿದರು. ಮಾರನೆಯ ದಿನವೂ ಕರೆದರು, ನಾನು ಅದನ್ನೇ ಹೇಳಿದೆ. ಆಮೇಲೆ ಕರೆಯುವುದನ್ನೂ ಬಿಟ್ಟರು. ಹರೀರಾದ ಪಾತ್ರೆಯನ್ನು ಮಾತ್ರ ಮಿಲೂದ್‌ನ ಕೈಯಲ್ಲಿ ಮೇಲೆ ಕಳಿಸುತ್ತಿದ್ದೆ. ಅವನು ಬರಿಗೈಯಲ್ಲಿ ಇಳಿದು ಬಂದು ಕೂರುತ್ತಿದ್ದ.

"ಕುಡಿದ್ರಾ?"

"ಹೂಂ."

"ಏನಂದ್ರು?"

"ಏನಂತಾರೆ? ಕುಡಿದ್ರು."

ಹೀಗೆ ನಾನೂ ಮಿಲೂದನೂ ಎದುರುಬದುರು ಕೂತು ಸಾರು ಹೀರುವ ಸದ್ದು ಕೇಳುತ್ತ ಸಂಜೆ ಕಳೆಯುತ್ತಿದ್ದೆವು. ಮೇಲಿನಿಂದ ನಗು ಇಳಿದು ಬರುತ್ತಿತ್ತು. ಅತ್ತೆಯ ನಗು ಒಂದು ಬಗೆ, ಕೊನೆಯಲ್ಲಿ ಕೆಮ್ಮು ಬರುತ್ತದೆ. ಅದರ ಹಿಂದೆಯೇ ವಸೀಲಾಳದು. ಅವರು ಯಾವುದಕ್ಕೆ ನಗುತ್ತಿದ್ದಾರೆಂದು ತಿಳಿಯದೆ ಕೂರುವುದಿದೆಯಲ್ಲ, ಅದರಷ್ಟು ಹೊಟ್ಟೆಗೆ ಕೆಟ್ಟದ್ದು ಬೇರೆ ಯಾವುದೂ ಇಲ್ಲ. ಪಕ್ಕದ ಮನೆಯ ಬಖ್ತಾ ಬಟ್ಟೆ ಹರವುತ್ತ, "ಏನೇ ಖೇರಾ, ನಿಮ್ಮತ್ತೇನ ಒಂದು ಡಬ್ಬಿ ಎತ್ಕೊಂಡು ಹೋಯ್ತಂತೆ?" ಎಂದು ಕೇಳಿದಳು. ಅವಳ ಬಟ್ಟೆಯ ಮೇಲೆ ಕಾಗೆ ಕೂರಲಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ತಿಂಗಳು ಅರ್ಧ ಕಳೆದಿತ್ತು. ಆವತ್ತು ದೂಳಿನ ಗಾಳಿ. ಲಖ್ದರ್‌ಗೆ ಬಂದರಿನಲ್ಲಿ ಸಂಜೆಯ ಪಾಳಿ. ಮಿಲೂದ್ ಬಾಯಿ ತೆರೆದು ಮಲಗಿದ್ದವನು ಎಷ್ಟು ಅಲ್ಲಾಡಿಸಿದರೂ ಏಳಲಿಲ್ಲ. ಉಪವಾಸ ಬಿಡುವ ಬಾಂಗ್ ಆಗಲು ಇನ್ನೂ ಹೊತ್ತಿದೆ, ಬೇಗ ಕೊಟ್ಟು ಬಂದುಬಿಡೋಣ ಎಂದು ಪಾತ್ರೆ ಹಿಡಿದು ನಾನೇ ಮೆಟ್ಟಿಲು ಹತ್ತಿದೆ.

ಅರ್ಧ ಹತ್ತಿರಬೇಕು, ಮೇಲಿನಿಂದ ಬಾಂಗ್ ಕೇಳಿಸಿತು. ನಾನು ತಿರುಗಿ ಮೆಟ್ಟಿಲ ಕಿಟಕಿಯಲ್ಲಿ ನೋಡಿದೆ. ಎದುರು ಮನೆಯ ಗೋಡೆಯ ಮೇಲೆ ಬಿಸಿಲು ಇನ್ನೂ ಹಳದಿಯಾಗಿ ಬಿದ್ದಿತ್ತು. ನಮ್ಮ ಮಸೀದಿ ಸುಮ್ಮನಿತ್ತು. ಬಖ್ತಾಳ ಮನೆಯಲ್ಲಿ ಇನ್ನೂ ಈರುಳ್ಳಿ ಹೆಚ್ಚುತ್ತಿದ್ದರು. ಮತ್ತೆ ಈ ಬಾಂಗ್ ಎಲ್ಲಿಯದು? ನನಗೆ ತಟ್ಟನೆ ಹೊಳೆಯಿತು. ಎರಡೆರಡು ಮೆಟ್ಟಿಲು ಹಾರಿ ಬಾಗಿಲು ತಳ್ಳಿದೆ.

ದೂಳಿಗೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಅತ್ತೆಗೆ ಕಿವಿ ಮಂದ, ಹಾಗಾಗಿ ಟಿವಿಯ ಸದ್ದು ಕೋಣೆ ಒಡೆಯುವಷ್ಟು. ಅವರು ಟಿವಿಗೆ ಬೆನ್ನು ಹಾಕಿ ಜಪ ಮಾಡುತ್ತ ಕೂತಿದ್ದವರು ಬಾಂಗ್ ಕೇಳಿದ್ದೇ ಖರ್ಜೂರ ಬಾಯಿಗಿಟ್ಟಿದ್ದರು. ಅಡಿಗೆಮನೆಯಲ್ಲಿದ್ದ ವಸೀಲಾ ಕೂಡ ಅದನ್ನೇ ನಂಬಿ ಓಡಿ ಬಂದು, ತಾನೂ ಒಂದು ತಿಂದು, ಅತ್ತೆಗೆ ಹಾಲಿನ ಲೋಟ ಕೊಡುತ್ತಿದ್ದಳು. ಟಿವಿಯೊಳಗೆ ಆ ಅಣ್ಣತಮ್ಮಂದಿರ ಮನೆಯಲ್ಲೂ ರಂಜಾನು. ಬಾಂಗ್ ಆಗಿದ್ದು ಅಲ್ಲಿ. ಅವರಿಬ್ಬರೂ ಕೈ ತೊಳೆಯಲು ಹೋದಾಗ ಕತ್ತೆ ಸಾರಿನ ಪಾತ್ರೆಗೆ ಮೂತಿ ಹಾಕಿತ್ತು.

"ಹಾಜಾ, ಉಗೀರಿ" ಎಂದೆ.

ಅವರು ನುಂಗಿಬಿಟ್ಟರು. "ಯಾಕೆ? ಬಾಂಗ್ ಆಯ್ತಲ್ಲ."

"ಅದು ಟಿವಿ ಬಾಂಗ್. ಹೊರಗೆ ಬಿಸಿಲಿದೆ, ನೋಡಿ ಬೇಕಾದ್ರೆ."

ಕಿಟಕಿ ತೆಗೆದೆ. ಬಿಸಿಲು ಒಳಗೆ ಬಂದು ಚಾಪೆಯ ಮೇಲೆ ಬಿತ್ತು. ವಸೀಲಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಲೋಟ ಕೈಯಲ್ಲೇ ಉಳಿದಿತ್ತು. ಸುಳ್ಳು ಯಾಕೆ ಹೇಳಲಿ, ಮದುವೆಮನೆಯಲ್ಲಿ ನಾಲಿಗೆ ಹೊರಳಿಸಿ ಕೂಗುತ್ತೇವಲ್ಲ, ಹಾಗೆ ಕೂಗಬೇಕೆನಿಸಿತು ನನಗೆ. ಎಪ್ಪತ್ತು ದಾಟಿದ ಹೆಂಗಸಿನ ಉಪವಾಸವನ್ನು ಈ ಜಾಣೆ ಕತ್ತೆಗೆ ತಿನ್ನಿಸಿದ್ದಳು. ಇನ್ನು ಅತ್ತೆ ಎದ್ದು ಚಪ್ಪಲಿ ಮೆಟ್ಟಿ ನನ್ನ ಜೊತೆ ಕೆಳಗಿಳಿಯುವುದೊಂದೇ ಬಾಕಿ.

ಅತ್ತೆ ಟಿವಿಯ ಕಡೆ ತಿರುಗಿ ಬಹಳ ಹೊತ್ತು ಕತ್ತೆಯನ್ನೇ ನೋಡಿದರು. "ಆ ಬಾಂಗ್ ಕೂಗಿದೋನು ಸತ್ತು ಎಷ್ಟು ವರ್ಷ ಆಗಿದ್ಯೋ ಏನೋ" ಎಂದರು. ಆಮೇಲೆ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು. ಕೆಮ್ಮು ಬರುವವರೆಗೆ ನಕ್ಕರು.

"ಯೆಮ್ಮಾ, ತಪ್ಪಾಯ್ತು" ಎಂದು ವಸೀಲಾ ಅವರ ಕಾಲ ಬಳಿ ಕುಸಿದಳು.

"ಗೊತ್ತಿಲ್ದೆ ತಿಂದಿದ್ದಕ್ಕೆ ಪಾಪ ಇಲ್ಲ ಮಗಳೇ. ಹಬ್ಬ ಆದ್ಮೇಲೆ ಒಂದು ದಿನ ಉಪವಾಸ ಹಿಡಿದು ತುಂಬಿ ಕೊಟ್ರಾಯ್ತು. ಈಗ ಬಾಯಿ ಮುಚ್ಕೊಂಡು ಕೂತ್ಕೋ, ನಿಜವಾದ್ದು ಆಗೋತನಕ ಇನ್ನೇನೂ ತಿನ್ನಂಗಿಲ್ಲ."

ಇಬ್ಬರೂ ಅಕ್ಕಪಕ್ಕ ಕೂತರು. ಬಾಯಿಯಲ್ಲಿ ಖರ್ಜೂರದ ಸಿಹಿ, ಮುಂದೆ ತಟ್ಟೆ, ಕೈ ಮಡಿಲಲ್ಲಿ. ಒಬ್ಬರ ಮುಖ ಒಬ್ಬರು ನೋಡುವುದು, ನಗು ತಡೆಯುವುದು. ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆಯ ಹುಡುಗಿಯರ ಹಾಗೆ. ತಪ್ಪು ಮಾಡದ ನಾನು ಪಾತ್ರೆ ಇಟ್ಟು ಕೆಳಗಿಳಿದೆ. ನನ್ನ ಉಪವಾಸ ಗಟ್ಟಿಯಾಗಿತ್ತು.

ಮಾರನೆಯ ದಿನ ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ ಗೊತ್ತಾಗಿತ್ತು. ಕತ್ತೆಯ ಬಾಂಗ್ ಎಂದು ಅದಕ್ಕೆ ಹೆಸರೂ ಬಿದ್ದಿತ್ತು. ಸಂಜೆ ಅತ್ತೆ ನನ್ನ ಅಡಿಗೆಮನೆಗೆ ಬಂದು ಮಣೆಯ ಮೇಲೆ ಕೂತರು.

"ಇನ್ನು ಕೆಳಗೇ ಉಪವಾಸ ಬಿಡ್ತೀನಿ. ಪಾಪ, ಆ ಹುಡುಗಿಗೆ ಹೊರಗೆ ಮುಖ ತೋರ್ಸೋಕೆ ಆಗ್ತಿಲ್ಲ. ನಾನು ಮೇಲೆ ಹೋದಷ್ಟೂ ಜನ ಆಡ್ಕೋತಾರೆ" ಎಂದರು. ಕೊತ್ತಂಬರಿಯ ಕಟ್ಟು ಬಿಚ್ಚುತ್ತ, "ಬಖ್ತಾಗೆ ಯಾರು ಹೇಳಿದ್ರೋ ಗೊತ್ತಿಲ್ಲ" ಎಂದರು.

"ನಮ್ಮ ಮನೆ ಗೋಡೆ ತೆಳ್ಳಗಿದೆ ಹಾಜಾ" ಎಂದೆ.

"ಹೂಂ. ಗೋಡೆಗೆ ನಾಲಿಗೇನೂ ಇದೆ."

ಇರಲಿ. ಬಂದರಲ್ಲ, ನನಗೆ ಅಷ್ಟು ಸಾಕಿತ್ತು. ಹರೀರಾಕ್ಕೆ ಇನ್ನೊಂದು ಹಿಡಿ ಕೊತ್ತಂಬರಿ ಹಾಕಿದೆ. ಉಪವಾಸ ಬಿಟ್ಟು, ನಮಾಜು ಮಾಡಿ, ಅತ್ತೆ ನಮ್ಮ ಟಿವಿಯ ಮುಂದೆ ಕೂತರು. ಗಾಳಿ ಬೀಸಿತು. ಚಿತ್ರ ಒಡೆಯಿತು. ಮಿಲೂದ್ ಮಾಳಿಗೆ ಹತ್ತಿದ. ಬಂತು, ಹೋಯ್ತು, ಬಂತು, ಹೋಯ್ತು. ಬಂದಾಗ ಅತ್ತೆ ಬಚ್ಚಲಿಗೆ ಎದ್ದು, "ಸ್ವಲ್ಪ ನಿಲ್ಸಿರು" ಎಂದರು.

"ಇದು ನಿಲ್ಲಲ್ಲ ಹಾಜಾ."

"ಹೌದಲ್ಲ, ಮರ್ತೆ" ಎಂದರು. ಹಿಂದಿರುಗುವಷ್ಟರಲ್ಲಿ ಕಥೆ ಎಲ್ಲಿಗೋ ಹೋಗಿತ್ತು. ಅವರು ನನ್ನನ್ನೇನೂ ಬೈಯಲಿಲ್ಲ. ಜಪಸರ ತೆಗೆದುಕೊಂಡು ಗೋಡೆ ನೋಡುತ್ತ ಕೂತರು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಮಾರನೆಯ ದಿನವೇ ಮಿಲೂದ್‌ನ ಬೆನ್ನಿಗೆ ಬಿದ್ದೆ. ಅದೇ ಗಾಡಿ, ಅದೇ ಕಪ್ಪು ಬಣ್ಣ, ಅದೇ ಡಬ್ಬಿ ಬರಬೇಕು, ಅದರೊಳಗೆ ಅದೇ ಕತ್ತೆ ಇರಬೇಕು ಎಂದೆ.

"ನಿಂಗ್ಯಾವಾಗಿಂದ ಕತ್ತೆ ಮೇಲೆ ಪ್ರೀತಿ ಬಂತು?" ಎಂದ.

"ನಿನ್ನ ಕಟ್ಕೊಂಡಾಗಿಂದ. ಹೋಗು."

ತಂದ. ಕೇಬಲ್ಲು ಸಿಕ್ಕಿಸಿದ. ಪರದೆಯ ತುಂಬ ಚೀನೀ ಅಕ್ಷರ. ಮೇಲೆ ಅವಳು ಒತ್ತಿದ್ದು ಯಾವ ಗುಂಡಿ ಎಂದು ನೆನಪು ಮಾಡಿಕೊಂಡು ನಾನೂ ಒತ್ತಿದೆ. ಅಕ್ಷರಗಳು ಇನ್ನಷ್ಟು ಸಣ್ಣವಾದವು. ಇನ್ನೊಂದು ಒತ್ತಿದೆ. ಪರದೆ ತಲೆಕೆಳಗಾಗಲಿಲ್ಲ ಅನ್ನುವುದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಆಯಿತು. ಅತ್ತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಕೊನೆಗೆ ಮೆಲ್ಲಗೆ ಹೇಳಿದರು.

"ವಸೀಲಾನ ಕರಿಯೇ."

ನಾನು ಕೇಳಿಸದವಳಂತೆ ಒತ್ತುತ್ತಲೇ ಇದ್ದೆ. ಮಿಲೂದ್ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ. ಅವಳು ಒದ್ದೆ ಕೈಯಲ್ಲೇ ಇಳಿದು ಬಂದಳು, "ಕೊಡಿ ಅಕ್ಕ" ಎಂದು ರಿಮೋಟು ತೆಗೆದುಕೊಂಡಳು. ಕ್ಷಣದಲ್ಲಿ ಕತ್ತೆ ನನ್ನ ಮನೆಯೊಳಗೆ ಬಂತು. "ಕೂತ್ಕೋ, ನೋಡಿ ಹೋಗುವಿಯಂತೆ" ಎಂದರು ಅತ್ತೆ. ಅವಳು ಅತ್ತೆಯ ಪಕ್ಕ ಕೂತಳು. ನಾನು ಚಹಾ ಮಾಡಲು ಒಳಗೆ ಹೋದೆ. ಪುದೀನಾ ಸೊಪ್ಪು ಬಿಡಿಸುತ್ತ ನಿಂತಾಗ ಆ ಎರಡು ನಗು ಕೇಳಿಸಿತು, ಒಂದು ಕೆಮ್ಮಿನದು, ಇನ್ನೊಂದು ಅದರ ಹಿಂದಿನದು. ಇಷ್ಟು ದಿನ ಮೇಲಿನ ಮನೆಯಿಂದ ಇಳಿದು ಬರುತ್ತಿದ್ದದ್ದನ್ನು ನಾನೇ ದುಡ್ಡು ಕೊಟ್ಟು ನನ್ನ ಸೋಫಾದ ಮೇಲೆ ಕೂರಿಸಿಕೊಂಡಿದ್ದೆ.

ರಂಜಾನು ಮುಗಿಯುವವರೆಗೂ ಹೀಗೆಯೇ ನಡೆಯಿತು. ಒಂದು ಸಂಜೆ ಚಹಾದ ತಟ್ಟೆ ಹಿಡಿದು ಬರುವಾಗ ಅವರ ಮಾತು ಕಿವಿಗೆ ಬಿತ್ತು.

"ಹಬ್ಬ ಆದ್ಮೇಲೆ ಗುರುವಾರ ಹಿಡಿಯೋಣ್ವಾ ಯೆಮ್ಮಾ? ಅವತ್ತು ನಾನೇ ಹರೀರಾ ಮಾಡ್ತೀನಿ. ಮೇಲೇ ಬನ್ನಿ. ನಾವಿಬ್ರೇ."

"ಆಗ್ಲಿ ಮಗಳೇ. ಊರೆಲ್ಲಾ ಉಣ್ಣೋವಾಗ ಒಬ್ಬಳೇ ಹಿಡಿಯೋದು ಕಷ್ಟ. ಜೊತೆಗೆ ನೀನಿದ್ರೆ ದಿನ ಹೋಗುತ್ತೆ."

ನನ್ನನ್ನು ಕಂಡು ಅತ್ತೆ, "ನಿಂಗೇನಮ್ಮ, ನಿಂದು ಒಂದೂ ಬಾಕಿ ಇಲ್ಲ. ಪುಣ್ಯವಂತೆ. ಹಾಯಾಗಿ ಉಂಡ್ಕೊಂಡಿರು" ಎಂದರು.

ಹೌದು, ನನ್ನದು ಒಂದೂ ಬಾಕಿ ಇರಲಿಲ್ಲ. ಹೆಂಗಸರಿಗೆ ತಿಂಗಳಿನ ದಿನಗಳಲ್ಲಿ ಬಿಟ್ಟದ್ದನ್ನು ಆಮೇಲೆ ತುಂಬಿ ಕೊಡುವುದಿರುತ್ತದೆ, ನನಗೆ ಆ ವಯಸ್ಸೂ ದಾಟಿತ್ತು. ಆ ಸಂಜೆ ಬಿಸಿಲು ನೋಡದೆ ನಾನೂ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡಿದ್ದರೆ ಈಗ ಮೂವರಾಗಿರುತ್ತಿದ್ದೆವು. ಸರಿಯಾಗಿ ನಡೆದುಕೊಂಡದ್ದಕ್ಕೆ ನನಗೆ ಸಿಕ್ಕ ಬಹುಮಾನ ಇದು.

ಹಬ್ಬ ಕಳೆಯಿತು. ಆ ಗುರುವಾರ ಬಂತು. ನಸುಕಿನಲ್ಲಿ ಮೇಲೆ ತಟ್ಟೆಗಳ ಸದ್ದು ಕೇಳಿ ಎಚ್ಚರವಾಯಿತು. ವಸೀಲಾ ಇಳಿದು ಬಂದು ಅತ್ತೆಯ ಕೈ ಹಿಡಿದು ಕರೆದೊಯ್ದಳು, ಬೆಳಗಾಗುವ ಮೊದಲಿನ ಊಟಕ್ಕೆ. ನಾನು ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಆಮೇಲೆ, ಬೆಳಗಿನ ಬಾಂಗ್ ಆಗುವ ಮೊದಲೇ, ಎದ್ದು ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದೆ. ಅಷ್ಟೆ. ಅದರ ಮೇಲೆ ಏನೂ ತಿನ್ನಲಿಲ್ಲ.

ಮಧ್ಯಾಹ್ನ ಮಿಲೂದ್‌ಗೆ ಮೀನು ಹುರಿದು ಬಡಿಸಿದೆ. "ನೀನು?" ಎಂದ. "ಆಗ್ಲೇ ತಿಂದೆ" ಎಂದೆ. ಅವನು ನಂಬಿದ. ಅವನ ತಟ್ಟೆ ತುಂಬಿದ್ದರೆ ಅವನು ಏನನ್ನೂ ನಂಬುತ್ತಾನೆ. ಇಡೀ ಓಣಿ ಉಂಡು ತೇಗುತ್ತಿತ್ತು. ರಂಜಾನಿನಲ್ಲಿ ಎಲ್ಲರ ಜೊತೆ ಹಸಿದಿರುವುದು ಒಂದು, ಹೀಗೆ ಯಾರಿಗೂ ಹೇಳದೆ ಒಬ್ಬಳೇ ಹಸಿದಿರುವುದು ಇನ್ನೊಂದು. ಮೂರು ಗಂಟೆಯ ಹೊತ್ತಿಗೆ ತಲೆ ಸುತ್ತಿತು. ಆದರೂ ಹರೀರಾಕ್ಕೆ ಇಟ್ಟೆ. ಆ ಹುಡುಗಿಯ ಹರೀರಾ ಕುಡಿದು ಅತ್ತೆ ಕಣ್ಣು ಮುಚ್ಚುವುದನ್ನು ನೆನೆದರೆ ನನ್ನಿಂದ ಸುಮ್ಮನೆ ಕೂರಲಾಗುತ್ತಿರಲಿಲ್ಲ.

ಸಂಜೆ ಪಾತ್ರೆ ಹಿಡಿದು ಮೇಲೆ ಹತ್ತಿದೆ. ಬಾಗಿಲು ತೆರೆದಿತ್ತು. ಇಬ್ಬರೂ ಒಂದೇ ತಟ್ಟೆಯ ಮುಂದೆ ಕೂತಿದ್ದರು. ಈ ಸಲ ಕಿಟಕಿಗಳೆಲ್ಲ ತೆರೆದಿದ್ದವು. ಟಿವಿ ಹಾಕಿರಲಿಲ್ಲ.

"ಬಾ ಖೇರಾ. ಒಳ್ಳೆ ಹೊತ್ತಿಗೆ ಬಂದೆ. ನಮಗೆ ಏಳೋ ಶಕ್ತಿ ಇಲ್ಲ. ನೀನು ಉಂಡೋಳು, ಸ್ವಲ್ಪ ಬಡಿಸು" ಎಂದರು ಅತ್ತೆ.

ನಾನು ಬಡಿಸಿದೆ. ನನ್ನ ಹರೀರಾ ಒಂದು ಬಟ್ಟಲಿಗೆ, ವಸೀಲಾಳದು ಇನ್ನೊಂದಕ್ಕೆ. ಸ್ವಲ್ಪ ಚಾಪೆಯ ಮೇಲೆ ಚೆಲ್ಲಿತು. ವಸೀಲಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಮಸೀದಿಯಲ್ಲಿ ಬಾಂಗ್ ಆಯಿತು. ಅತ್ತೆ ಕತ್ತು ಉದ್ದ ಮಾಡಿ ಕಿಟಕಿಯ ಹೊರಗೆ ಬಿಸಿಲು ಹುಡುಕಿ, "ಈ ಸಲ ನಿಜವಾದ್ದು" ಎಂದರು. ಇಬ್ಬರೂ ನಕ್ಕು ಖರ್ಜೂರ ಬಾಯಿಗಿಟ್ಟರು.

ನಾನು ಸೌಟು ಹಿಡಿದು ನಿಂತೇ ಇದ್ದೆ. ಖರ್ಜೂರದ ತಟ್ಟೆ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿತ್ತು. ಉಂಡವಳೆಂದು ಯಾರೂ ನೀಡಲಿಲ್ಲ. ಹೋಗಿ ಕೆಳಗೆ ನನ್ನ ಅಡಿಗೆಮನೆಯಲ್ಲಿ ನಲ್ಲಿಯ ನೀರಿನಲ್ಲಿ ಉಪವಾಸ ಬಿಡಬಹುದಿತ್ತು. ಹೋಗಲಿಲ್ಲ.

"ನಂಗೂ ಒಂದು ಖರ್ಜೂರ ಕೊಡಿ" ಎಂದೆ.

ಅತ್ತೆ ತಲೆಯೆತ್ತಿದರು. "ನೀನೂ ಹಿಡ್ದಿದ್ಯಾ?"

"ಹೂಂ."

"ನಿಂಗ್ಯಾವ ಬಾಕಿ ಇತ್ತು?"

"ಯಾವುದೂ ಇಲ್ಲ."

"ಮತ್ತೆ ಯಾವ ಸಂಕಲ್ಪ ಮಾಡ್ಕೊಂಡು ಹಿಡಿದೆ?"

ಸಂಕಲ್ಪವಿಲ್ಲದೆ ಉಪವಾಸವಿಲ್ಲ. ಹಿಂದಿನ ರಾತ್ರಿಯೇ ಮನಸ್ಸಿನಲ್ಲಿ ದೇವರಿಗಾಗಿ ಎಂದುಕೊಳ್ಳಬೇಕು, ಇಲ್ಲದಿದ್ದರೆ ಅದು ಬರೀ ಹಸಿವು. ನನಗೆ ಅದನ್ನು ಕಲಿಸಿದ್ದು ಎದುರಿಗೆ ಕೂತ ಈ ಹೆಂಗಸೇ. ದೇವರಿಗಾಗಿ ಎಂದು ಹೇಳಿಬಿಡಬಹುದಿತ್ತು. ಆದರೆ ಆ ತಟ್ಟೆಯ ಮುಂದೆ ಅವನ ಹೆಸರು ಹೇಳಿ ಸುಳ್ಳಾಡಲು ಬಾಯಿ ಬರಲಿಲ್ಲ.

"ನಿಮ್ಮ ಜೊತೆ ಕೂತ್ಕೊಳ್ಳೋಕೆ" ಎಂದೆ.

ಅತ್ತೆ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದರು. ವಸೀಲಾ ತಟ್ಟೆಯನ್ನೇ ನೋಡುತ್ತಿದ್ದಳು.

"ಅದಕ್ಕೆ ಉಪವಾಸ ಯಾಕೆ ಬೇಕಿತ್ತೇ? ಮೆಟ್ಟಿಲು ಹತ್ತಿದ್ರೆ ಸಾಕಾಗಿತ್ತು" ಎಂದರು ಅತ್ತೆ. ಬೈದ ಹಾಗಿರಲಿಲ್ಲ, ಮುದ್ದು ಮಾಡಿದ ಹಾಗೂ ಇರಲಿಲ್ಲ. ಹೇಳಿ, ಒಂದಿಷ್ಟು ಪಕ್ಕಕ್ಕೆ ಸರಿದರು. ಸರಿದ ಜಾಗ ದೊಡ್ಡದೇನಲ್ಲ, ನನ್ನಂಥ ದಪ್ಪನೆಯ ಹೆಂಗಸಿಗೆ ಸಾಲದು. ನಾನು ಅದರಲ್ಲೇ ತುರುಕಿಕೊಂಡು ಕೂತೆ.

ವಸೀಲಾ ತಟ್ಟೆಗೆ ಕೈ ಹಾಕಿ ಎರಡು ಖರ್ಜೂರ ಆರಿಸಿದಳು. ಒಂದನ್ನು ಬೆರಳಲ್ಲಿ ಸೀಳಿ, ಬೀಜ ತೆಗೆದು, ಅತ್ತೆಯ ಅಂಗೈಯಲ್ಲಿಟ್ಟಳು. ಇನ್ನೊಂದನ್ನು ನನಗೆ ಕೊಟ್ಟಳು.

ನನ್ನದರಲ್ಲಿ ಬೀಜ ಇತ್ತು.